ಯಾತ್ರಿಕನ ನೋಟವೂ ಗಣಿಕೆಯ ಕಲೆಯೂ

ಜಪಾನಿನ ಕ್ಯೋತೋ ನಗರವನ್ನು ಕಂಡು ಬಂದವರ ಪ್ರವಾಸಕಥನಗಳಲ್ಲಿ 'ಗೇಶಾ' ಎಂಬ ಸ್ತ್ರೀಯ ವರ್ಣನೆಯು ಬಹುಮಟ್ಟಿಗೆ ಬಂದೇ ಬರುವುದು. 'ಗೇಯ್' ಎಂದರೆ ಕಲೆ, 'ಶಾ' ಎಂದರೆ ವ್ಯಕ್ತಿ. ಕಲಾಜೀವಿ ಎಂಬುದೇ ಆ ಶಬ್ದದ ಅರ್ಥ. ಆದರೆ ಯಾತ್ರಿಕನ ಲೇಖನಿಯು ಬೆಳ್ಳಗೆ ಬಳಿದ ಮುಖ, ಕೆಂಪೇರಿದ ತುಟಿ, ರೇಷ್ಮೆಯ ಉಡುಗೆ ಇವುಗಳಲ್ಲಿಯೇ ನಿಂತುಬಿಡುವುದುಂಟು. ಆಕೆಯು ನೃತ್ಯ, ಗೀತ, ಷಾಮಿಸೆನ್ ವಾದನ, ಸಂಭಾಷಣಚಾತುರ್ಯ ಇವುಗಳಿಗಾಗಿ ಪಟ್ಟ ವರ್ಷಗಟ್ಟಲೆಯ ಶ್ರಮವು ಅವನಿಗೆ ಕಾಣುವುದಿಲ್ಲ. ೨೦೨೪ರಲ್ಲಿ ಕ್ಯೋತೋದ ಗಿಯೋನ್ ಪ್ರದೇಶದ ನಿವಾಸಿಗಳು ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಷೇಧಿಸಿದರೆಂಬುದು ಇಂಥ ಕುತೂಹಲದ ಪರಿಣಾಮವು.

ಇದು ಪರದೇಶದ ಮಾತೆಂದು ಕನ್ನಡ ವಾಚಕನು ಸುಮ್ಮನಿರುವಂತಿಲ್ಲ. ವಾತ್ಸ್ಯಾಯನನ ಮತದಲ್ಲಿ 'ಗಣಿಕೆ' ಎಂಬುದು ಅರುವತ್ತುನಾಲ್ಕು ಕಲೆಗಳ ನೈಪುಣ್ಯದಿಂದ ಸಂಪಾದಿಸತಕ್ಕ ಪದವಿ. ಕನ್ನಡ ನಾಡಿನಲ್ಲಿ ಅಂಥ ಕಲಾವಿದೆಯರನ್ನು ಯಾತ್ರಿಕರೂ ಕಂಡಿದ್ದಾರೆ, ಶಾಸನಗಳೂ ಹೆಸರಿಸಿವೆ. ಇವೆರಡು ಸಾಕ್ಷ್ಯಗಳನ್ನು ಎದುರುಬದುರಾಗಿ ಇಟ್ಟು ನೋಡುವುದು ವಿಮರ್ಶಕನ ಕರ್ತವ್ಯವು.

ಮೊದಲು ಯಾತ್ರಿಕರು. ೧೪೪೩ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಟಂಕಸಾಲೆಯ ಹಿಂದಣ ಗಣಿಕಾವೀಥಿಯನ್ನು ಬಣ್ಣಿಸಿ, ಅಲ್ಲಿಯ ಸುಂಕದಿಂದ ನಗರರಕ್ಷಕರಿಗೆ ವೇತನ ಸಲ್ಲುವುದೆಂದು ಹೇಳುತ್ತಾನೆ. ರೂಪವನ್ನೂ ಹಣವನ್ನೂ ಕಂಡ ಆ ಕಣ್ಣಿಗೆ ಕಲೆ ಕಾಣಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ ಡೊಮಿಂಗೊ ಪಾಯಸನ ನೋಟವು ಇದಕ್ಕಿಂತ ಆಳವಾದುದು. ಅವನೂ ಆಭರಣಗಳ ಭಾರಕ್ಕೆ ಬೆರಗಾದವನೇ. ಆದರೆ ಅರಮನೆಯ ನೃತ್ಯಶಾಲೆಯ ವಿಷಯದಲ್ಲಿ ಅವನು ಬರೆದ ಸಂಗತಿಗಳು ಅಮೂಲ್ಯವಾಗಿವೆ. ನೃತ್ಯದ ಕೊನೆಯಲ್ಲಿ ನಿಲ್ಲಬೇಕಾದ ಭಂಗಿಗಳನ್ನು ಅಲ್ಲಿಯ ಫಲಕಗಳಲ್ಲಿ ಕೆತ್ತಿದ್ದರು. ಮರೆತವಳು ನೋಡಿ ನೆನಪು ಮಾಡಿಕೊಳ್ಳಬೇಕೆಂಬುದು ಉದ್ದೇಶ. ಮೈಕಾಲುಗಳನ್ನು ಹಿಗ್ಗಿಸಿ ಸಡಿಲಿಸುವುದಕ್ಕೆ ಕೈಯಿಂದ ಹಿಡಿದು ಜೋತುಕೊಳ್ಳುವ ಸ್ಥಳವೂ ಅಲ್ಲಿತ್ತು. ಈ ಸ್ತ್ರೀಯರು ರಾಣಿಯರ ಸಮ್ಮುಖದಲ್ಲಿ ಕುಳಿತು ತಾಂಬೂಲ ಮೆಲ್ಲುವ ಅಧಿಕಾರವನ್ನು ಪಡೆದಿದ್ದರೆಂದೂ ಅವನು ಹೇಳುತ್ತಾನೆ. ವೇಷವನ್ನು ದಾಟಿ ಅಭ್ಯಾಸವನ್ನು ಕಂಡುದೇ ಪಾಯಸನ ಹಿರಿಮೆ. ಆದರೂ ಅವರಲ್ಲಿ ಒಬ್ಬಳ ಹೆಸರನ್ನಾದರೂ ಅವನು ಕೇಳಿ ಬರೆಯಲಿಲ್ಲ.

ಇನ್ನು ಶಾಸನ. ಬಾದಾಮಿಯ ಹತ್ತಿರದ ಮಹಾಕೂಟದ ಕಂಬವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ (೬೯೬-೭೩೩) ಪ್ರಾಣವಲ್ಲಭೆಯಾದ ವಿನಾಪೋಟಿಯ ದಾನಶಾಸನವಿದೆ. ಆಕೆ ಹಿರಣ್ಯಗರ್ಭದಾನವನ್ನು ಮಾಡಿ, ದೇವರ ಪೀಠಕ್ಕೆ ಮಾಣಿಕ್ಯವನ್ನು ಕಟ್ಟಿಸಿ, ಬೆಳ್ಳಿಯ ಕೊಡೆಯನ್ನು ಏರಿಸಿ, ಭೂಮಿಯನ್ನು ಬಿಟ್ಟಳು. ಅಲ್ಲಿಯ ವಂಶಕ್ರಮವು ತಾಯಿಯ ಕಡೆಯದು: ಅಜ್ಜಿ ರೇವಮಂಚಳು, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. 'ಸೂಳೆಯರ್' ಎಂಬ ಪದವು ಗೌರವಾರ್ಥದ ಬಹುವಚನದಲ್ಲಿ ಪ್ರಯೋಗವಾಗಿದೆ. ಇಂದು ಬೈಗುಳಾಗಿ ಉಳಿದ ಶಬ್ದವನ್ನು ಅಂದಿನ ಶಾಸನಕಾರನು ಸಂಕೋಚವಿಲ್ಲದೆ ದೇವಸನ್ನಿಧಿಯಲ್ಲಿ ಕೆತ್ತಿದನು. 'ಪಾತ್ರ'ದ ಗತಿಯೂ ಹೀಗೆಯೇ. ನರ್ತಕಿಯೆಂಬ ಅರ್ಥದ ಆ ಪದವು 'ಪಾತರದವಳು' ಎಂದಾಗಿ ನಿಂದೆಗೆ ಇಳಿಯಿತು. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನ ಶಾಲೆಯಲ್ಲಿ ಈ ಶಾಸನವನ್ನು ಕಲಿಸುವ ಉಪಾಧ್ಯಾಯನು ಶಬ್ದವನ್ನು ನುಂಗಿ ಮುಂದೆ ಸಾಗಬಾರದು. ಅದರ ಅರ್ಥಾಪಕರ್ಷವನ್ನು ವಿವರಿಸಬೇಕು. ಅದೇ ಸೀಮೆಯ ಮಕ್ಕಳು ಚಿಟ್ಟೆಯನ್ನು 'ಪಾತರಗಿತ್ತಿ' ಎನ್ನುವಾಗ ಪದದ ಹಳೆಯ ಸೊಬಗು ಉಳಿದೇ ಇದೆ.

ಆದರೆ ಶಾಸನವೂ ಪೂರ್ಣಸಾಕ್ಷಿಯಲ್ಲ. ವಿನಾಪೋಟಿ ಹಾಡಿದಳೋ ಕುಣಿದಳೋ ಎಂಬುದನ್ನು ಅದು ಹೇಳುವುದಿಲ್ಲ. ಯಾತ್ರಿಕನಲ್ಲಿ ಹೆಸರಿಲ್ಲದ ಕಲೆ. ಶಾಸನದಲ್ಲಿ ಕಲೆಯಿಲ್ಲದ ಹೆಸರು. ಒಂದನ್ನೇ ನಂಬಿ ಬರೆದ ಚರಿತ್ರೆಯು ಏಕಾಂಗಿಯಾಗುವುದು.

ಇಲ್ಲಿ ಒಂದು ಆಕ್ಷೇಪವು ಏಳಬಹುದು: ಕಲೆಯ ಹೊಗಳಿಕೆಯಿಂದ ಹುಟ್ಟಿನ ಬಂಧನಕ್ಕೆ ಹೊನ್ನಿನ ಲೇಪ ಕೊಟ್ಟಂತಾಗದೆ? ಆಕ್ಷೇಪವು ಯುಕ್ತವಾದುದೇ. ಹೆಣ್ಣುಮಗುವನ್ನು ಅದರ ಸಮ್ಮತಿಯಿಲ್ಲದೆ ದೇವರಿಗೆ ಬಿಡುವ ಪದ್ಧತಿಯನ್ನು ಮುಂಬಯಿ ಪ್ರಾಂತದ ೧೯೩೪ರ ಕಾಯಿದೆಯೂ ಕರ್ನಾಟಕದ ೧೯೮೨ರ ಕಾಯಿದೆಯೂ ನಿಷೇಧಿಸಿದುದು ನ್ಯಾಯವೇ. ಆದರೆ ಬಂಧನವನ್ನು ಖಂಡಿಸುವವನು ಬಂಧಿತಳ ವಿದ್ಯೆಯನ್ನೂ ಅಲ್ಲಗಳೆದರೆ ಆಕೆಗೆ ಎರಡನೆಯ ಸಾರಿ ಅನ್ಯಾಯವಾಗುವುದು. ಪದ್ಧತಿಯ ದೋಷ ಬೇರೆ, ಸಾಧಕಿಯ ಗುಣ ಬೇರೆ.

ಈ ವಿವೇಕಕ್ಕೆ ಧಾರವಾಡ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಗಾಯಕಿಯರ ಮನೆತನದಲ್ಲಿ ೧೯೧೩ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಜನರ ಅಪಹಾಸ್ಯವನ್ನು ಸಹಿಸಿ ೨೦೦೨ರಲ್ಲಿ ಪದ್ಮವಿಭೂಷಣರಾದರು. ಅವರ ಆತ್ಮಕಥನ 'ನನ್ನ ಬದುಕಿನ ಹಾಡು' ಎಂಬುದರಲ್ಲಿ ಯಾತ್ರಿಕನೂ ಶಾಸನವೂ ಕೊಡಲಾರದ ಮೂರನೆಯ ಸಾಕ್ಷ್ಯವು, ಎಂದರೆ ಕಲಾವಿದೆಯ ಸ್ವಂತ ಮಾತು, ದೊರೆಯುವುದು. ಹೆಸರು, ಕಲೆ, ನುಡಿ ಈ ಮೂರೂ ಕೂಡಿದಲ್ಲಿ ಮಾತ್ರ ಚರಿತ್ರೆಯು ಸಮಗ್ರವಾಗುವುದು. ಕ್ಯೋತೋದ ಕಥನವನ್ನಾಗಲಿ ಹಂಪೆಯ ಕಥನವನ್ನಾಗಲಿ ಪಾಠ ಹೇಳುವವರು ಈ ಮೂರರಲ್ಲಿ ಯಾವುದು ಅಲ್ಲಿ ಲೋಪವಾಗಿದೆಯೆಂಬುದನ್ನು ಮೊದಲು ವಿಚಾರಿಸತಕ್ಕದ್ದು.