ತೊಟ್ಟಿಯ ತಳದ ಮಣ್ಣು

ಗಿಡ ಬೆಳೆಸುವ ಅಕ್ವೇರಿಯಂ ಬೇಕೆಂದು ಅಂಗಡಿಯಲ್ಲಿ ಕೇಳಿದರೆ ಸಾಮಾನಿನ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ: ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಕ್ಯಾನಿಸ್ಟರ್ ಫಿಲ್ಟರ್, ಆಮದಾದ ಮಣ್ಣಿನ ಗುಳಿಗೆ, ಬಾಟಲಿ ಬಾಟಲಿ ದ್ರವಗೊಬ್ಬರ. ಈ ಅಭಿರುಚಿಯನ್ನು ಜಗತ್ತಿಗೆ ಹಬ್ಬಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. 2015ರಲ್ಲಿ ತೀರಿಕೊಂಡ ಅವರು ಗಾಜಿನ ತೊಟ್ಟಿಯೊಳಗೆ ಕಟ್ಟಿದ ಕಾಡು, ಕಣಿವೆಗಳು ಅಪ್ಪಟ ಕಲಾಕೃತಿಗಳು. ಆದರೆ ಅಂಥ ತೊಟ್ಟಿ ವಾರವಾರವೂ ನೀರಿನ ಬದಲಾವಣೆ, ಕತ್ತರಿ ಕೆಲಸ, ಗೊಬ್ಬರದ ಲೆಕ್ಕ ಎಲ್ಲವನ್ನೂ ಕೇಳುತ್ತದೆ. ದುಡಿದು ಬಂದು ಅರ್ಧ ಗಂಟೆ ಮೀನು ನೋಡುತ್ತ ಕೂರಬೇಕೆನ್ನುವ ಮನೆಗೆ ಅದು ಒಗ್ಗುವ ಮಾತಲ್ಲ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಿಂದ ಹೊರಟ ಪುಸ್ತಕ ಅಮೆರಿಕದ ಡಯಾನಾ ವಾಲ್‌ಸ್ಟಡ್ ಅವರ ‘ಇಕಾಲಜಿ ಆಫ್ ದಿ ಪ್ಲಾಂಟೆಡ್ ಅಕ್ವೇರಿಯಂ’. ಮೊದಲ ಮುದ್ರಣ 1999ರದು. ತಳದಲ್ಲಿ ಒಂದು ಇಂಚಿನಷ್ಟು ಸಾಮಾನ್ಯ ಮಣ್ಣು, ಅದರ ಮೇಲೆ ಇನ್ನೊಂದು ಇಂಚು ಸಣ್ಣ ಜಲ್ಲಿ, ಮೊದಲ ದಿನವೇ ತೊಟ್ಟಿ ತುಂಬುವಷ್ಟು ಗಿಡ, ಸ್ವಲ್ಪ ಕಿಟಕಿಯ ಬೆಳಕು, ಕೆಲವೇ ಮೀನು. ಸಿಲಿಂಡರ್ ಬೇಡ, ಗೊಬ್ಬರ ಬೇಡ. ಮೀನಿಗೆ ಹಾಕಿದ ಆಹಾರವೇ ಕೊನೆಗೆ ಗಿಡಕ್ಕೂ ಗೊಬ್ಬರ. ಮನೆಯಲ್ಲಿ ಪುಟ್ಟ ತೊಟ್ಟಿ ಇಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹಾಗೆಂದು ಪುಸ್ತಕವನ್ನು ಇದ್ದ ಹಾಗೇ ನಮ್ಮ ಮನೆಗೆ ಇಳಿಸಿಕೊಳ್ಳಲು ಬರುವುದಿಲ್ಲ.

ಪುಸ್ತಕದ ನಿಜವಾದ ಬಲ ಅದರ ಸಸ್ಯಶಾಸ್ತ್ರದಲ್ಲಿದೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತದೆ, ಅದನ್ನು ಗಿಡ ಹೀರುತ್ತದೆ ಎಂಬುದು ಹವ್ಯಾಸಿಗಳ ವಲಯದಲ್ಲಿ ಪಾಠದಂತೆ ಒಪ್ಪಿಕೊಂಡು ಬಂದ ಮಾತು. ಬಹುಪಾಲು ಜಲಸಸ್ಯಗಳಿಗೆ ನೈಟ್ರೇಟ್‌ಗಿಂತ ಅಮೋನಿಯಂ ಇಷ್ಟ, ಅದು ಸಿಕ್ಕಿದರೆ ಮೊದಲು ಅದನ್ನೇ ಎತ್ತಿಕೊಳ್ಳುತ್ತವೆ ಎಂದು ವಾಲ್‌ಸ್ಟಡ್ ಹಲವು ಸಂಶೋಧನೆಗಳನ್ನು ಕಲೆಹಾಕಿ ತೋರಿಸುತ್ತಾರೆ. ಅಂದಮೇಲೆ ಗಿಡವೇ ಫಿಲ್ಟರ್. ಹಗಲಿನ ಮಧ್ಯೆ ಕೆಲವು ಗಂಟೆ ದೀಪ ಆರಿಸುವ ಅವರ ಸಲಹೆಯ ಹಿಂದಿನ ತರ್ಕವೂ ಸರಳ. ಬೆಳಗಿನ ಬೆಳಕಿನಲ್ಲಿ ಗಿಡ ಬಳಸಿ ಖಾಲಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಮಣ್ಣಿನ ಕೊಳೆಯುವಿಕೆಯಿಂದಲೂ ಮೀನಿನ ಉಸಿರಿನಿಂದಲೂ ಆ ಬಿಡುವಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಈ ವಿಚಾರಕ್ಕೆ ದೊಡ್ಡ ಇತಿಹಾಸವೇ ಇದೆ. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಗಿಡವಿಟ್ಟು ನೀರು ಬದಲಿಸದೆ ತೊಟ್ಟಿ ನಡೆಸಲು ನೋಡಿದರು. ಉದುರಿದ ಎಲೆ ಕೊಳೆತು ನೀರು ಲೋಳೆಯಾಯಿತು. ಕೊಳದ ಬಸವನಹುಳುಗಳನ್ನು ಬಿಟ್ಟ ಮೇಲೆ ತೊಟ್ಟಿ ತಿಳಿಯಾಯಿತು. ಮುಂದಿನ ವರ್ಷ ಅವರು ಇದನ್ನು ಪ್ರಕಟಿಸಿದರು. ಅಂಗಡಿಯವರು ಪೀಡೆ ಎಂದು ದೂರುವ ಬಸವನಹುಳು ಮೊದಲಿನಿಂದಲೂ ಈ ಪದ್ಧತಿಯ ಕಂಬ. ಮಣ್ಣಿನ ತೊಟ್ಟಿಯಲ್ಲಿ ದೀಪ ಆರಿದ ಮೇಲೆ ಟಾರ್ಚ್ ಹಿಡಿದು ನೋಡಿ. ಉದ್ದ ಶಂಖದಂಥ ಚಿಪ್ಪಿನ ಸಣ್ಣ ಹುಳುಗಳು ಜಲ್ಲಿಯಡಿಯಿಂದ ಮೇಲೆದ್ದು ಬರುತ್ತವೆ. ಒಂದೊಂದರ ಹಿಂದೆಯೂ ಜಲ್ಲಿ ಸಡಿಲಗೊಂಡ ಗೆರೆ, ಆ ಗೆರೆಯಲ್ಲಿ ಒಂದೆರಡು ಗುಳ್ಳೆ. ತಳದ ಮಣ್ಣು ಉಸಿರುಕಟ್ಟಿ ಕೊಳೆತ ಮೊಟ್ಟೆಯ ವಾಸನೆ ಬಾರದಂತೆ ತಡೆಯುವ ಕೆಲಸದಲ್ಲಿ ಅವಕ್ಕೂ ಪಾಲಿದೆ.

ಇನ್ನು ಕೊರತೆಗಳು. ಗಿಡಗಳು ರಾಸಾಯನಿಕ ಬಿಟ್ಟು ಪಾಚಿಯನ್ನು ಹತ್ತಿಕ್ಕುತ್ತವೆ ಎಂಬ ಅಧ್ಯಾಯ ಓದಲು ಆಕರ್ಷಕ, ಆದರೆ ಮನೆಯ ತೊಟ್ಟಿಯ ಮಟ್ಟಿಗೆ ಅದರ ಆಧಾರ ತೆಳು. ಬೆಳಕು ಮತ್ತು ಆಹಾರಕ್ಕಾಗಿ ನಡೆಯುವ ಪೈಪೋಟಿಯಿಂದ ಆ ಪರಿಣಾಮವನ್ನು ಬೇರ್ಪಡಿಸಿ ನೋಡುವ ದಾರಿ ಮನೆಯಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮಣ್ಣಿನದು. ಅಮೆರಿಕದ ಚೀಲದ ಮಣ್ಣಿಗೂ ನಮ್ಮ ನರ್ಸರಿಯಲ್ಲಿ ಸಿಗುವ ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರದ ಮಿಶ್ರಣಕ್ಕೂ ಸಂಬಂಧವಿಲ್ಲ. ನಾರು ತೇಲುತ್ತದೆ, ಎರೆಗೊಬ್ಬರ ಹೆಚ್ಚಾದರೆ ಅಮೋನಿಯಾ ಏರಿ ಮೀನು ಸಾಯುತ್ತದೆ. ಕೆಮ್ಮಣ್ಣಿನ ಕಬ್ಬಿಣವಂತೂ ನೀರಿನಡಿ ಗಾಳಿಯಿಲ್ಲದೆ ಕರಗುವ ರೂಪಕ್ಕೆ ಬರುತ್ತದೆ. ಕರಾವಳಿಯ ಗದ್ದೆಗಳಲ್ಲಿ ಭತ್ತದ ಎಲೆ ಕಂದುಗಟ್ಟಿಸುವ ಕಬ್ಬಿಣದ ನಂಜೇ ತೊಟ್ಟಿಯಲ್ಲಿ ಬೇರನ್ನು ಸುಡುತ್ತದೆ. ನೀರಿಗೆ ಸೇರಿದ ಪಾಲು ಪಾಚಿಗೆ ಹಬ್ಬ. ಆದ್ದರಿಂದ ಮಣ್ಣನ್ನು ಜರಡಿ ಹಿಡಿದು, ನೆನೆಸಿ, ಬಸಿದು, ಒಣಗಿಸಿ, ಇಷ್ಟನ್ನೂ ಕೆಲವು ಸಲ ಮಾಡಿದ ಮೇಲೆ ತೆಳುವಾಗಿ ಹರಡಬೇಕು. ಒಂದು ಬಕೆಟ್ಟಿನಲ್ಲಿ ಅದೇ ಮಣ್ಣು ಹಾಕಿ ಹೈಡ್ರಿಲ್ಲಾ ನೆಟ್ಟು ಎರಡು ವಾರ ಕಾಯುವುದು ಇನ್ನೂ ಒಳ್ಳೆಯದು. ಎಳೆ ಚಿಗುರು ಬಂದರೆ ಮಣ್ಣು ಸರಿಯಿದೆ.

ನೀರಿನ ವಿಷಯದಲ್ಲೂ ಹಾಗೆಯೇ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ವ್ಯಾಲಿಸ್ನೇರಿಯಾಕ್ಕೆ ವರವೇ, ಏಕೆಂದರೆ ಅದು ಬೈಕಾರ್ಬನೇಟ್‌ನಿಂದಲೂ ಇಂಗಾಲ ಪಡೆಯಬಲ್ಲದು. ಆದರೆ ತಿಂಗಳುಗಟ್ಟಲೆ ನೀರು ಬದಲಿಸದೆ, ಆರಿದಷ್ಟನ್ನು ಬೋರ್ ನೀರಿನಿಂದಲೇ ತುಂಬುತ್ತ ಹೋದರೆ ಲವಣ ಉಳಿದು ಉಳಿದು ಗಟ್ಟಿಯಾಗುತ್ತದೆ. ತುಂಬಲು ಮಳೆನೀರು ಲೇಸು. ಮಲೆನಾಡಿನ ಬಾವಿನೀರಿಗೆ ತದ್ವಿರುದ್ಧ ತೊಂದರೆ: ಸುಣ್ಣದಂಶ ಸಾಲದೆ ಬಸವನಹುಳುವಿನ ಚಿಪ್ಪು ಸವೆಯುತ್ತದೆ. ಅಲ್ಲಿ ನಾಲ್ಕು ಕಪ್ಪೆಚಿಪ್ಪು ಹಾಕಿದರೆ ಸಾಕು. ನೀರು ಬದಲಿಸುವುದೇ ಬೇಡ ಎಂದು ಹೇಳುತ್ತ ತಿರುಗುವವರನ್ನು ನಾನು ನಂಬುವುದಿಲ್ಲ. ಮೊದಲ ಎರಡು ತಿಂಗಳು ಮಣ್ಣು ತನ್ನ ಸತ್ವವನ್ನೆಲ್ಲ ನೀರಿಗೆ ಬಿಡುತ್ತದೆ. ಆಗ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆಯಲೇಬೇಕು. ಅಂತರಗಂಗೆಯಂಥ ತೇಲುಗಿಡ ಗಾಳಿಯಿಂದಲೇ ಇಂಗಾಲ ಪಡೆದು ಬೇಗ ಬೆಳೆಯುವುದರಿಂದ ಈ ಕಾಲದಲ್ಲಿ ಅದು ದೊಡ್ಡ ಆಸರೆ. ಎಷ್ಟು ಬೆಳೆಯುತ್ತದೋ ಅಷ್ಟನ್ನು ಕಿತ್ತು ಹೊರಹಾಕುತ್ತಿರಬೇಕು.

ನನಗೆ ಅತಿ ಹೆಚ್ಚು ನೋವುಂಟುಮಾಡುವುದು ಈ ಪದ್ಧತಿಯ ಹೆಸರಿನಲ್ಲಿ ನಡೆಯುವ ಗಾಜಿನ ಜಾಡಿಯ ಮಾರಾಟ. ಒಂದು ಹಿಡಿ ಮಣ್ಣು, ಎರಡು ಗಿಡ, ಮೂರು ಲೀಟರ್ ನೀರು, ಅದರಲ್ಲೊಂದು ಬೆಟ್ಟಾ ಮೀನು. ವಾಲ್‌ಸ್ಟಡ್ ಪುಟ್ಟ ಪಾತ್ರೆಗಳ ಬಗ್ಗೆ ಬರೆದದ್ದು ಸೀಗಡಿ ಸಾಕಲು. ಜಾಡಿಯ ನೀರು ಬೇಸಿಗೆಯ ಮಧ್ಯಾಹ್ನ ಕಾದು, ರಾತ್ರಿ ತಣಿದು, ಮೀನನ್ನು ದಿನದಿನವೂ ಬಳಲಿಸುತ್ತದೆ. ನಲವತ್ತು ಲೀಟರಿಗೆ ಕಡಿಮೆಯಾದ ತೊಟ್ಟಿಯಲ್ಲಿ ಮೀನು ಬೇಡವೇ ಬೇಡ.

ಮೀನಿನ ಆಯ್ಕೆಯಲ್ಲೂ ಎಚ್ಚರ ಬೇಕು. ಕೆಂಪು ಗೆರೆಯ ಡೆನಿಸನ್ ಬಾರ್ಬ್ ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ ಮೀನು. ಸುಮಾರು 15 ಸೆಂ.ಮೀ. ಬೆಳೆಯುವ, ಹರಿಯುವ ನೀರು ಬೇಕಾದ ಈ ಮೀನಿಗೆ ನಿಂತ ನೀರಿನ ಪುಟ್ಟ ತೊಟ್ಟಿ ಸೆರೆಮನೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದು ಹಿಡಿದು ಅದು ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಗೆ ಸೇರಿದೆ. ತೊಟ್ಟಿಯಲ್ಲೇ ಮರಿಯಾದ ಜೀಬ್ರಾ ಡೇನಿಯೊ ಅಥವಾ ಗಪ್ಪಿ ಧಾರಾಳವಾಗಿ ಸಾಕು. ಹೆಚ್ಚಾದ ಗಪ್ಪಿಯನ್ನಾಗಲಿ, ಕಿತ್ತ ಅಂತರಗಂಗೆಯನ್ನಾಗಲಿ ದಯವಿಟ್ಟು ಕೆರೆಗೆ ಬಿಡಬೇಡಿ. ಗಿಡವನ್ನು ಬಿಸಿಲಿಗೆ ಒಣಹಾಕಿ ಹೂಕುಂಡಕ್ಕೆ ಗೊಬ್ಬರ ಮಾಡಿ, ಮೀನನ್ನು ಸಾಕುವವರಿಗೆ ಕೊಡಿ.