ತಾಳ ಎದ್ದುಹೋದ ಮೇಲೆ

ಆ ಕ್ಯಾಸೆಟ್ ತಂದ ದಿನ ಟೇಪ್ ರೆಕಾರ್ಡರ್ ಬಿಚ್ಚಿಕೊಂಡು ಕೂತಿದ್ದೆ. ಹಾಡು ಶುರುವಾಗಬೇಕಾದ ಕಡೆ ಸಣ್ಣಗೆ ಟಿಕ್ ಟಿಕ್ ಸದ್ದು, ಅದರ ಹಿಂದೆ ಹಳೇ ಫ್ರಿಜ್ಜಿನಂಥ ಗುಂಯ್, ಅದರ ಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿರುವಂಥ ದನಿ. ಹೆಡ್ಡಿಗೆ ಧೂಳು ಕೂತಿದೆ ಅಂದುಕೊಂಡು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಮತ್ತೆ ಹಾಕಿದರೆ ಅದೇ ಟಿಕ್ ಟಿಕ್. ಎರಡು ಮೂರು ಸಲ ಕೇಳಿದ ಮೇಲೆ ತಿಳಿಯಿತು, ಹೆಡ್ಡಿಗೆ ಏನೂ ಆಗಿರಲಿಲ್ಲ. ಬ್ಯಾಂಡಿನಲ್ಲಿ ಡ್ರಮ್ಮರ್ ಇರಲಿಲ್ಲ.

ಆಲ್ಬಂ ಹೆಸರು ‘ಅಪ್’. 1998ರ ಅಕ್ಟೋಬರ್ ಕೊನೆಯಲ್ಲಿ ಬಂದದ್ದು. ಬ್ಯಾಂಡು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನ ಆರ್‌ಇಎಂ. ಹೆಸರು ಕೇಳಿಲ್ಲ ಅನ್ನುವವರೂ ‘ಲೂಸಿಂಗ್ ಮೈ ರಿಲಿಜನ್’ ಕೇಳಿರುತ್ತೀರಿ. ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್ ಎಂದಷ್ಟೇ ಗೊತ್ತಿದ್ದ ನಮ್ಮಂಥವರನ್ನು 1991ರಲ್ಲಿ ಟಿವಿ ಮುಂದೆ ಹಿಡಿದು ಕೂರಿಸಿದ ಹಾಡು ಅದು. ಅದರ ವಿಡಿಯೊ ಮಾಡಿದವನು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ನಮ್ಮ ಕ್ಯಾಲೆಂಡರ್ ದೇವರುಗಳ ಬಣ್ಣ ಆ ವಿಡಿಯೊದಲ್ಲಿ ಇಣುಕಿದ್ದು ಸುಮ್ಮನೆ ಅಲ್ಲ.

ಬ್ಯಾಂಡಿನಲ್ಲಿ ನಾಲ್ವರು. ಹಾಡುವವನು ಮೈಕಲ್ ಸ್ಟೈಪ್, ಗಿಟಾರಿಗೆ ಪೀಟರ್ ಬಕ್, ಬೇಸ್‌ಗೆ ಮೈಕ್ ಮಿಲ್ಸ್, ಡ್ರಮ್ಸ್‌ಗೆ ಬಿಲ್ ಬೆರ್ರಿ. 1980ರ ಏಪ್ರಿಲ್‌ನಲ್ಲಿ, ಒಬ್ಬ ಗೆಳತಿಯ ಹುಟ್ಟುಹಬ್ಬಕ್ಕೆ ಒಂದು ಹಳೇ ಚರ್ಚಿನಲ್ಲಿ ಮೊದಲ ಸಲ ನುಡಿಸಿದ್ದು. ಯಾವ ಹಾಡು ಯಾರೇ ಕಟ್ಟಿರಲಿ, ನಾಲ್ಕೂ ಹೆಸರು ಅಕ್ಷರಕ್ರಮದಲ್ಲಿ ಹಾಕಬೇಕು, ದುಡ್ಡು ಸಮಪಾಲು ಎಂಬುದು ಅವರ ಕಟ್ಟಳೆ. ಹೀಗಾಗಿ ಪ್ರತಿ ಹಾಡಿನ ಕೆಳಗೂ ಮೊದಲ ಹೆಸರು ಬೆರ್ರಿಯದೇ.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಛೇರಿಯ ನಡುವೆಯೇ ಬೆರ್ರಿಗೆ ತಲೆ ಸಿಡಿಯುವಂಥ ನೋವು ಬಂತು. ಮಿದುಳಿನ ರಕ್ತನಾಳ ಊದಿ ಒಡೆದಿತ್ತು. ಆಗ ಅವನಿಗೆ 36. ಶಸ್ತ್ರಚಿಕಿತ್ಸೆ ಆಗಿ, ಕೆಲವೇ ತಿಂಗಳಲ್ಲಿ ಮತ್ತೆ ಡ್ರಮ್ಸ್ ಮುಂದೆ ಕೂತ. ಮರುವರ್ಷ ವಾರ್ನರ್ ಕಂಪನಿ ಜತೆ ದೊಡ್ಡ ಒಪ್ಪಂದ ಆಯಿತು. ಐದು ಆಲ್ಬಂಗಳಿಗೆ 8 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಅದರ ಮರುವರ್ಷ, 1997ರ ಅಕ್ಟೋಬರಿನಲ್ಲಿ, ಹೊಸ ಆಲ್ಬಂ ಕೆಲಸಕ್ಕೆ ಎಲ್ಲರೂ ಅಥೆನ್ಸ್‌ನಲ್ಲಿ ಸೇರಿದಾಗ ಬೆರ್ರಿ ತನಗೆ ಸಾಕಾಗಿದೆ ಎಂದ. ಜಗಳವಿಲ್ಲ, ದುಡ್ಡಿನ ತಕರಾರಿಲ್ಲ. ತಾನು ಹೋದರೆ ಬ್ಯಾಂಡು ಒಡೆಯುತ್ತದೆ ಅನ್ನುವುದಾದರೆ ಇರುತ್ತೇನೆ ಎಂದೂ ಹೇಳಿದ. ಉಳಿದ ಮೂವರು ನಡೆಸಿಕೊಂಡು ಹೋಗುತ್ತೇವೆ ಎಂದರು. ಅವನು ಊರ ಹೊರಗಿನ ತನ್ನ ಹೊಲಕ್ಕೆ ಹೋಗಿ ದನಗಳಿಗೆ ಹುಲ್ಲು ಬೆಳೆಯತೊಡಗಿದ. ರಾಕ್ ಚರಿತ್ರೆಯಲ್ಲಿ ಇದಕ್ಕಿಂತ ಮರ್ಯಾದೆಯ ನಿರ್ಗಮನ ನನಗೆ ಗೊತ್ತಿಲ್ಲ. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವುದನ್ನು ಬೇರೆ ಥರ ಕಲಿಯಬೇಕು ಅಷ್ಟೇ ಎಂಬರ್ಥದಲ್ಲಿ ಸ್ಟೈಪ್ ಆಗ ಹೇಳಿದ ಮಾತು ಎಲ್ಲ ಕಡೆ ಅಚ್ಚಾಯಿತು.

ನಮ್ಮಲ್ಲಿ ಶ್ರುತಿ ತಾಯಿ, ಲಯ ತಂದೆ ಅನ್ನುತ್ತಾರಲ್ಲ. ಯಜಮಾನ ಎದ್ದುಹೋದ ಮನೆಗೆ ಅಲ್ಲಿಯವರೆಗೆ ಎರಡು ದಾರಿ ಇದ್ದವು. 1978ರಲ್ಲಿ ಕೀತ್ ಮೂನ್ ಸತ್ತಾಗ ‘ದಿ ಹೂ’ ಇನ್ನೊಬ್ಬ ಡ್ರಮ್ಮರನ್ನು ಕರೆತಂದು ಕೂರಿಸಿತು. ಅಭಿಮಾನಿಗಳು ಇವತ್ತಿಗೂ ಹೊಸಬನನ್ನು ಪೂರ್ತಿ ಒಪ್ಪಿಲ್ಲ. 1980ರಲ್ಲಿ ಜಾನ್ ಬಾನಮ್ ಸತ್ತಾಗ ‘ಲೆಡ್ ಜೆಪಲಿನ್’ ಅಂಗಡಿಯನ್ನೇ ಮುಚ್ಚಿತು. ಆರ್‌ಇಎಂ ಎರಡನ್ನೂ ಮಾಡಲಿಲ್ಲ. ಆ ಸ್ಟೂಲನ್ನು ಖಾಲಿ ಬಿಟ್ಟರು. ಗಾಯಕ ಬೆಕ್ ಜತೆ ನುಡಿಸುತ್ತಿದ್ದ ಜೋಯಿ ವಾರಂಕರ್, ‘ಸ್ಕ್ರೀಮಿಂಗ್ ಟ್ರೀಸ್’ನ ಬ್ಯಾರೆಟ್ ಮಾರ್ಟಿನ್ ಬಂದು ಬೇಕಾದ ಕಡೆ ಬಾರಿಸಿ ಹೋದರು. ನೆಂಟರ ಹಾಗೆ. ಮನೆಯ ಪಡಿತರ ಚೀಟಿಯಲ್ಲಿ ಅವರ ಹೆಸರು ಏರಲಿಲ್ಲ. 2011ರಲ್ಲಿ ಬ್ಯಾಂಡು ಮುಗಿಯುವ ತನಕವೂ ಏರಲಿಲ್ಲ.

ಬೆರ್ರಿ ಹೋದದ್ದರಿಂದ ಇವರು ಪ್ರಯೋಗಕ್ಕೆ ಇಳಿದರು ಎನ್ನುವುದು ರೂಢಿಯ ಕಥೆ. ಅರ್ಧ ಮಾತ್ರ ನಿಜ. ಅವನು ಇದ್ದಾಗಲೇ ಬಕ್ ಹಳೇ ಡ್ರಮ್ ಮಷೀನು, ಹಳೇ ಕೀಬೋರ್ಡುಗಳನ್ನು ಗುಡ್ಡೆ ಹಾಕಿಕೊಂಡಿದ್ದ. ಗಿಟಾರು ಸಾಕು, ಇನ್ನೇನಾದರೂ ಮಾಡೋಣ ಎಂಬ ತುರಿಕೆ ಆಗಲೇ ಶುರುವಾಗಿತ್ತು. ಡ್ರಮ್ಮರ್ ಹೋದದ್ದರಿಂದ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು, ಅಷ್ಟೇ. ಜತೆಗೆ 1987ರಿಂದ ಅವರ ಆಲ್ಬಂಗಳನ್ನು ಮಾಡಿಕೊಟ್ಟಿದ್ದ ಸ್ಕಾಟ್ ಲಿಟ್ ಕೂಡ ಈ ಸಲ ಇರಲಿಲ್ಲ; ಪ್ಯಾಟ್ ಮೆಕಾರ್ಥಿ ಬಂದ. ಕೆಲಸ ಹೆಚ್ಚಾಗಿ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬಕ್ ಬೇಸ್ ಹಿಡಿದ, ಮಿಲ್ಸ್ ಕೀಬೋರ್ಡ್ ಮುಂದೆ ಕೂತ. ಒಬ್ಬನ ಕೈ ಇನ್ನೊಬ್ಬನ ವಾದ್ಯದ ಮೇಲೆ.

ಮೊದಲ ಹಾಡು ‘ಏರ್‌ಪೋರ್ಟ್‌ಮ್ಯಾನ್’, ನನ್ನ ಟೇಪ್ ರೆಕಾರ್ಡರಿಗೆ ಕಳಂಕ ತಂದ ಹಾಡು. ಇಷ್ಟು ದೊಡ್ಡ ಬ್ಯಾಂಡು, ಅಷ್ಟು ದುಡ್ಡಿನ ಒಪ್ಪಂದದಲ್ಲಿ ಇದ್ದುಕೊಂಡು, ಇಂಥ ಹಾಡನ್ನು ಬಾಗಿಲಲ್ಲೇ ಇಟ್ಟದ್ದು ಧೈರ್ಯವೋ ಹುಂಬತನವೋ ಎಂದು ಆಗ ಅನ್ನಿಸಿತ್ತು. ಈಗ ಅದು ಎಚ್ಚರಿಕೆಯ ಫಲಕ ಅನ್ನಿಸುತ್ತದೆ. ಹಳೆಯದನ್ನು ಹುಡುಕಿಕೊಂಡು ಬಂದವರು ಇಲ್ಲಿಂದಲೇ ತಿರುಗಬಹುದು ಎಂಬ ಫಲಕ. ತುಂಬ ಜನ ತಿರುಗಿದರು ಕೂಡ. ಬ್ರಿಟನ್ನಿನಲ್ಲಿ 2ನೇ ಸ್ಥಾನ, ಅಮೆರಿಕದಲ್ಲಿ 3ನೇ ಸ್ಥಾನದ ತನಕ ಏರಿದ ಆಲ್ಬಂ ಬೇಗ ಜಾರಿತು. ಹಿಂದಿನ ಆಲ್ಬಂಗಳ ಮಾರಾಟದ ಹತ್ತಿರಕ್ಕೂ ಬರಲಿಲ್ಲ.

ತಿರುಗಿದವರು ಕಳೆದುಕೊಂಡದ್ದು ‘ಹೋಪ್’. ಈ ಆಲ್ಬಂನ ಎದೆ ಇದು. ಗಿಟಾರ್ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು. ಸಿಂಥಸೈಜರಿನ ಗುಂಗು, ಮಷೀನಿನ ಟಕಟಕ, ಅದರ ಮೇಲೆ ಸ್ಟೈಪ್ ಉಸಿರುಗಟ್ಟಿ ಒಂದೇ ಸಮನೆ ಹೇಳುತ್ತಾ ಹೋಗುವ ಕಾಯಿಲೆಯವನೊಬ್ಬನ ಕಥೆ. ಡಾಕ್ಟರನ್ನು ನಂಬಲೇ, ದೇವರನ್ನು ನಂಬಲೇ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ತೊಳಲುವವನು. ಕೊನೆ ಬರುವಷ್ಟರಲ್ಲಿ ಹಿಂದಿನ ಸದ್ದು ಉಬ್ಬಿ ಉಬ್ಬಿ ದನಿಯನ್ನೇ ನುಂಗುತ್ತದೆ. ಇಲ್ಲಿ ಮನುಷ್ಯ ಡ್ರಮ್ಮರ್ ಇದ್ದಿದ್ದರೆ ಹಾಡು ಕೆಡುತ್ತಿತ್ತು. ಮನುಷ್ಯ ಹೆದರಿದವನ ಜತೆ ತಾನೂ ಓಡುತ್ತಾನೆ, ಇಲ್ಲವೇ ಸಮಾಧಾನ ಮಾಡುತ್ತಾನೆ. ಮಷೀನಿಗೆ ಎರಡೂ ಗೊತ್ತಿಲ್ಲ. ಐಸಿಯು ಮಾನಿಟರಿನ ಹಾಗೆ ಅದರ ಪಾಡಿಗೆ ಅದು ಬಡಿಯುತ್ತದೆ. ಇದರ ಧಾಟಿ ಲೆನರ್ಡ್ ಕೊಹೆನ್‌ನ ‘ಸುಝಾನ್’ ಹಾಡಿಗೆ ಹತ್ತಿರ ಇದೆ ಎಂದು ಅವರಿಗೇ ಅನ್ನಿಸಿ ಹಾಡು ಕಟ್ಟಿದವರಲ್ಲಿ ಕೊಹೆನ್ ಹೆಸರನ್ನೂ ಸೇರಿಸಿದರು. ಬೆರ್ರಿ ಹೋಗಿ ಮೂರಾಗಿದ್ದ ಹೆಸರು ಈ ಒಂದು ಹಾಡಿನಲ್ಲಿ ಮತ್ತೆ ನಾಲ್ಕಾಯಿತು.

ಅದರ ಬೆನ್ನಿಗೇ ‘ಅಟ್ ಮೈ ಮೋಸ್ಟ್ ಬ್ಯೂಟಿಫುಲ್’. ‘ಬೀಚ್ ಬಾಯ್ಸ್’ಗೆ ನೇರ ನಮಸ್ಕಾರ. ಪಿಯಾನೊ, ಗಂಟೆ, ಹಿಂದಿನಿಂದ ಮಿಲ್ಸ್‌ನ ದನಿಗಳ ಅಲೆ. ಬೇಕಿದ್ದರೆ ಇವರಿಗೆ ಎಷ್ಟು ಸಿಹಿಯಾದ ಹಾಡು ಬರುತ್ತದೆ ನೋಡಿ ಎಂದು ತೋರಿಸಿ, ಮತ್ತೆ ಮಂಕಿಗೆ ಇಳಿಯುತ್ತಾರೆ. ರಾತ್ರಿ ಪಾಳಿಯವನ ಹಾಡು ‘ಡೇಸ್ಲೀಪರ್’ ಹಳೇ ಆರ್‌ಇಎಂಗೆ ತೀರಾ ಹತ್ತಿರ. ನ್ಯೂಯಾರ್ಕಿನ ಒಂದು ಮನೆ ಬಾಗಿಲಲ್ಲಿ, ಒಳಗೆ ಹಗಲು ಮಲಗುವವರಿದ್ದಾರೆ ಎಂಬ ಚೀಟಿ ಕಂಡು ಸ್ಟೈಪ್‌ಗೆ ಹೊಳೆದದ್ದಂತೆ. ಅಮೆರಿಕದ ಹಗಲಿಗೆ ನಮ್ಮ ರಾತ್ರಿಯನ್ನು ಜೋಡಿಸಿಕೊಂಡು ಬೆಂಗಳೂರಿನಲ್ಲಿ ಬಾಳಿದವರು ಈ ಹಾಡನ್ನು ಒಮ್ಮೆ ಕೇಳಬೇಕು. ಟ್ಯೂಬ್‌ಲೈಟಿನ ಬೆಳಕಿಗೆ ಕಣ್ಣು ಉರಿಯುವುದು ಹೇಗೆ ಎಂದು ಅವರಿಗೆ ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿ. ಆರ್‌ಇಎಂ ಆಲ್ಬಂನೊಳಗೆ ಎಲ್ಲ ಹಾಡಿನ ಸಾಹಿತ್ಯ ಅಚ್ಚಾದದ್ದು ಇದೇ ಮೊದಲು. ಅಲ್ಲಿಯವರೆಗೆ ಸ್ಟೈಪ್ ಹಾಡಿದ್ದರಲ್ಲಿ ಅರ್ಧ ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ಆಲ್ಬಂ ಹೆಸರೇ ‘ಮರ್ಮರ್’, ಗೊಣಗು. ಡ್ರಮ್ಸ್ ಹಿಂದೆ ಅವಿತುಕೊಂಡು ಗೊಣಗಬಹುದಿತ್ತು. ಡ್ರಮ್ಸ್ ಹೋದ ಮೇಲೆ ಬಾಯಿ ಬಿಟ್ಟು ಹೇಳಬೇಕಾಯಿತು ಅಂತ ನನ್ನ ಊಹೆ.

ಈಗ ತಕರಾರು. ಹದಿನಾಲ್ಕು ಹಾಡು, 64 ನಿಮಿಷ. ‘ಡೇಸ್ಲೀಪರ್’ ಮುಗಿದ ಮೇಲೆ ಆಲ್ಬಂ ತೂಕಡಿಸುತ್ತದೆ. ‘ಡಿಮಿನಿಷ್ಡ್’, ‘ಪ್ಯಾರಕೀಟ್’ ಎರಡೂ ಒಂದೇ ಬಣ್ಣದ ಎರಡು ಗೋಡೆ. ಅದಕ್ಕೂ ಮೊದಲೇ ಬರುವ ‘ದಿ ಅಪಾಲಜಿಸ್ಟ್’ನ ಕ್ಷಮಾಪಣೆಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಮೂರನ್ನೂ ಕಿತ್ತರೆ ನಷ್ಟವಿಲ್ಲ. ಆದರೆ ಕೀಳುವವನು ಯಾರು? ಬೆರ್ರಿಗೆ ಬ್ಯಾಂಡಿನೊಳಗೆ ಇದ್ದ ಇನ್ನೊಂದು ಹೆಸರು ಅದೇ: ಉದ್ದವಾಯಿತು, ಇಲ್ಲಿಗೆ ನಿಲ್ಲಿಸೋಣ ಎನ್ನುವವನು. ಡ್ರಮ್ಮರ್ ಇಲ್ಲದಿದ್ದರೆ ತಾಳ ತಪ್ಪುತ್ತದೆ ಎಂದು ಎಲ್ಲರೂ ಕಾದರು. ತಾಳ ತಪ್ಪಲಿಲ್ಲ, ಮಷೀನು ಅದನ್ನು ನೋಡಿಕೊಂಡಿತು. ತಪ್ಪಿದ್ದು ಕತ್ತರಿ.

ತಾಳಕ್ಕೆ ಅವನು ಬೇಕೇ ಬೇಕು ಎಂದೇನೂ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಅವನ ಕಾಲದಲ್ಲೇ ಇದೆ. 1992ರ ‘ಎವೆರಿಬಡಿ ಹರ್ಟ್ಸ್’ ಬಹುಪಾಲು ಬೆರ್ರಿ ಕಟ್ಟಿದ ಹಾಡು. ಆರು ಕೋಟಿ ಸಲವಾದರೂ ಯಾರದೋ ಕಣ್ಣೀರು ಒರೆಸಿರಬೇಕು ಎಂದು ನಾವು ತಮಾಷೆ ಮಾಡುತ್ತಿದ್ದ ಆ ಹಾಡಿನ ಬೆನ್ನಿಗೆ ಬಡಿಯುವುದು ಅಗ್ಗದ ಒಂದು ಡ್ರಮ್ ಮಷೀನು. ಡ್ರಮ್ಮರ್ ತನ್ನ ಹಾಡಿನಿಂದ ತನ್ನನ್ನೇ ಕತ್ತರಿಸಿಕೊಂಡಿದ್ದ. ಆ ಹಾಡಿಗೆ ಪಿಟೀಲುಗಳ ಜೋಡಣೆ ಮಾಡಿಕೊಟ್ಟವನು ಯಾರು ಗೊತ್ತೆ? ಜಾನ್ ಪಾಲ್ ಜೋನ್ಸ್. ಡ್ರಮ್ಮರ್ ಸತ್ತ ಎಂದು ಅಂಗಡಿ ಮುಚ್ಚಿದ ‘ಲೆಡ್ ಜೆಪಲಿನ್’ನವನು.

‘ಅಪ್’ ಬಂದು ಎರಡು ವರ್ಷದ ಮೇಲೆ, 2000ದಲ್ಲಿ, ‘ರೇಡಿಯೊಹೆಡ್’ ಗಿಟಾರು ಬದಿಗಿಟ್ಟು ಮಷೀನು ಹಿಡಿದು ‘ಕಿಡ್ ಎ’ ತಂದಾಗ ವಿಮರ್ಶಕರು ಹೊಸ ಖಂಡ ಕಂಡವರಂತೆ ಕುಣಿದರು. ‘ಕಿಡ್ ಎ’ ದೊಡ್ಡ ಆಲ್ಬಂ, ಒಪ್ಪುತ್ತೇನೆ. ಅದನ್ನು ಮಾಡಿದ ನೈಜೆಲ್ ಗಾಡ್ರಿಚ್ ‘ಅಪ್’ನಲ್ಲೂ ಕೈಯಾಡಿಸಿದ್ದ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ‘ಕಿಡ್ ಎ’ ಬೇಕೆಂದೇ ಮನೆ ಬಿಟ್ಟವರ ಸಂಗೀತ. ‘ಅಪ್’ ಮನೆಯಲ್ಲೇ ಉಳಿದು, ಕತ್ತಲಲ್ಲಿ ಸ್ವಿಚ್ಚು ತಡಕುವವರದು. ನನಗೆ ಎರಡನೆಯದೇ ಹೆಚ್ಚು ಪ್ರೀತಿ.

ತಡಕುವಾಗ ಅವರೂ ಬಹಳ ಬಳಲಿದರು. ಮಾತು ನಿಂತು, ಬ್ಯಾಂಡು ಇನ್ನೇನು ಒಡೆಯಿತು ಎನ್ನುವ ಹಂತಕ್ಕೆ ಹೋಗಿ, ಕೂತು ಮಾತಾಡಿ ಸರಿಮಾಡಿಕೊಂಡರು. ಮುಂದೆ ಇನ್ನೂ ನಾಲ್ಕು ಆಲ್ಬಂ ಬಂದವು. ಒಂದರಲ್ಲೂ ಮತ್ತೆ ಇಷ್ಟು ಕತ್ತಲಿಗೆ ಇಳಿಯುವ ಎದೆ ಮಾಡಲಿಲ್ಲ.

ಹೊಸದಾಗಿ ಕೇಳುವವರಿಗೆ: 2023ರಲ್ಲಿ ಬಂದ 25ನೇ ವರ್ಷದ ಆವೃತ್ತಿ ಸುಲಭವಾಗಿ ಸಿಗುತ್ತದೆ. ರಾತ್ರಿ ಹತ್ತರ ಮೇಲೆ, ಇಯರ್‌ಫೋನ್ ಹಾಕಿಕೊಂಡು, ಮೊದಲಿನಿಂದಲೇ ಶುರುಮಾಡಿ. ‘ಏರ್‌ಪೋರ್ಟ್‌ಮ್ಯಾನ್’ ದಾಟಿಸಬೇಡಿ. ಮೂರು ಹಾಡು ಕಿತ್ತುಹಾಕಿ ಎಂದೆನಲ್ಲ, ಮೊದಲ ಸಲಕ್ಕೆ ಅವೂ ಇರಲಿ.

2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಗೀತರಚನಕಾರರ ಗೌರವ ಸಮಾರಂಭದಲ್ಲಿ ಆ ನಾಲ್ವರೂ ಮತ್ತೆ ಒಟ್ಟಿಗೆ ನಿಂತು ನುಡಿಸಿದರು, ಬೆರ್ರಿಯೂ ಸೇರಿ. ನುಡಿಸಿದ್ದು ಒಂದೇ ಹಾಡು, ‘ಲೂಸಿಂಗ್ ಮೈ ರಿಲಿಜನ್’.