ಫರಸಿ ನೆಲದ ಮೇಲೆ ರೇಖೆಯ ಪಾಠ: ಕಾಗಿಣಾ ಸೀಮೆಯಲ್ಲಿ ದೃಶ್ಯಕಲೆಯ ಮೂಲಾಂಶಗಳ ಬೋಧನೆ

ದೃಶ್ಯಕಲೆಯ ಪಾಠವು ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಆರಂಭವಾಗುತ್ತದೆ. ಬಿಂದು, ರೇಖೆ, ಆಕಾರ, ಘನರೂಪ, ಅವಕಾಶ, ವರ್ಣ, ಛಾಯೆ, ಮೈವಳಿಕೆ ಎಂಬ ಮೂಲಾಂಶಗಳ ಈ ಪಟ್ಟಿಯನ್ನು ಭಾಷೆಯ ಅಕ್ಷರಮಾಲೆಗೆ ಹೋಲಿಸುವುದು ರೂಢಿ. ಹೋಲಿಕೆ ಅನುಕೂಲಕರವಾದುದೇ ಹೌದು. ಆದರೆ ಅದರಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಅಕ್ಷರ ಕಲಿಯಲು ಶಾಲೆಗೆ ಬರುವ ಮಗು ಅದಕ್ಕೂ ಮೊದಲೇ ಮಾತನ್ನು ಬಲ್ಲದು. ‘ಕ’ ಅಕ್ಷರವನ್ನು ಕಲಿಸುವ ಶಿಕ್ಷಕರು ಮಗುವಿನ ನಾಲಗೆಯ ಮೇಲಿರುವ ‘ಕಲ್ಲು’ ಎಂಬ ಮಾತಿನಿಂದಲೇ ತೊಡಗುತ್ತಾರೆ. ಚಿತ್ರಕಲೆಯ ತರಗತಿಯಲ್ಲಿ ಮಾತ್ರ ಮಗು ಈ ಮೊದಲೇ ಏನನ್ನು ಕಂಡಿದೆ, ಏನನ್ನು ಮುಟ್ಟಿದೆ ಎಂಬ ಪ್ರಶ್ನೆ ಏಳುವುದು ವಿರಳ. ರೇಖೆಯೆಂದರೆ ಬಿಂದುಗಳ ಸಾಲು ಎಂಬ ವ್ಯಾಖ್ಯೆ ಬಾಯಿಪಾಠವಾಗುತ್ತದೆ. ರೇಖೆಯ ಅನುಭವ ತರಗತಿಯ ಹೊರಗೇ ಉಳಿಯುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರವು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲ. ಸುಣ್ಣಕಲ್ಲಿನ ಪದರಗಳು, ಸಿಮೆಂಟ್ ಕಾರ್ಖಾನೆಗಳು, ತೊಗರಿಯ ಹೊಲಗಳು, ಲಂಬಾಣಿ ತಾಂಡಾಗಳು ಇಲ್ಲಿನ ನಿತ್ಯದ ದೃಶ್ಯಗಳು. ಹಿಂದುಳಿದ ಪ್ರದೇಶವೆಂಬ ಹಣೆಪಟ್ಟಿ ಬಹುಕಾಲದಿಂದ ಈ ಭಾಗಕ್ಕೆ ಅಂಟಿಕೊಂಡಿದೆ. ಕಲಾಶಿಕ್ಷಣದ ಚರ್ಚೆಯಲ್ಲಿಯೂ ಕೊರತೆಯ ಮಾತೇ ಮುಂದಾಗುತ್ತದೆ: ಗ್ಯಾಲರಿಯಿಲ್ಲ, ಸಾಮಗ್ರಿಯಿಲ್ಲ, ತರಬೇತಾದ ಶಿಕ್ಷಕರು ಸಾಲದು. ಈ ಕೊರತೆಗಳು ನಿಜವಾದರೂ ಇವುಗಳ ಪಟ್ಟಿಯಲ್ಲಿ, ಇಲ್ಲಿ ಇರುವುದು ಏನು ಎಂಬ ವಿಚಾರವೇ ಬಿಟ್ಟುಹೋಗುತ್ತದೆ.

ಈ ವಿಚಾರಕ್ಕೆ ಚರಿತ್ರೆಯ ಬೆಂಬಲವಿದೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವು ಸ್ವರೂಪದಲ್ಲಿ ಒಂದು ಪಠ್ಯಗ್ರಂಥ, ಗುಣ, ದೋಷ, ಅಲಂಕಾರಗಳನ್ನು ಕಲಿಸುವ ಶಾಸ್ತ್ರ. ಆದರೆ ಆ ಶಾಸ್ತ್ರವೇ, ಉದ್ದೇಶಪಟ್ಟು ಓದದ ಜನರಲ್ಲಿಯೂ ಕಾವ್ಯಪ್ರಯೋಗದ ಪರಿಣತಿಯಿದೆಯೆಂದು ಮನ್ನಿಸಿತು. ಶಾಸ್ತ್ರಬೋಧನೆಗೂ ಜನರಲ್ಲಿ ಸಹಜವಾಗಿರುವ ಬಲ್ಮೆಗೂ ಅಲ್ಲಿ ವಿರೋಧವಿಲ್ಲ. ಚಿತ್ತಾಪುರಕ್ಕೆ ಹತ್ತಿರದ ನಾಗಾವಿಯು ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ. ಅಲ್ಲಿನ 1058ರ ಶಾಸನವು ವೇದ ಮತ್ತು ಶಾಸ್ತ್ರಗಳ ವಿದ್ಯಾರ್ಥಿಗಳು, ಉಪಾಧ್ಯಾಯರು ಹಾಗೂ ಗ್ರಂಥಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರಿಗೆ ಮಾಡಿದ ಏರ್ಪಾಡನ್ನು ದಾಖಲಿಸುತ್ತದೆ. ವಿದ್ಯೆಗೆ ನೆಲೆ ಕಟ್ಟಿಕೊಟ್ಟ ಸೀಮೆಯಿದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚಿತ್ರವಿದ್ಯೆಯ ದೃಷ್ಟಿಯಿಂದ ಇನ್ನೂ ಮಹತ್ವದ್ದು ‘ಮಾನಸೋಲ್ಲಾಸ’. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಈ ಸಂಸ್ಕೃತ ಗ್ರಂಥವು 12ನೆಯ ಶತಮಾನದ ಪೂರ್ವಾರ್ಧದ್ದು. ಕಾಡಿಗೆಯನ್ನು ಅನ್ನದ ಅಂಟಿನೊಂದಿಗೆ ಅರೆದು ಬತ್ತಿ ಮಾಡಿ ಅದರಿಂದ ರೇಖೆ ಎಳೆಯುವ ಕ್ರಮ, ಗೋಡೆಯನ್ನು ಹದಗೊಳಿಸುವ ಬಗೆ, ಶುದ್ಧ ಮತ್ತು ಮಿಶ್ರ ವರ್ಣಗಳ ವಿಚಾರ ಅದರಲ್ಲಿ ಬರುತ್ತವೆ. ಕನ್ನಡಿಯ ಬಿಂಬದಂತೆ ಹೋಲುವ ವಿದ್ಧಚಿತ್ರ, ಮನಸ್ಸಿನಲ್ಲಿ ಮೂಡಿದಂತೆ ಬರೆಯುವ ಅವಿದ್ಧಚಿತ್ರ, ಪುಡಿಯಿಂದ ಬಿಡಿಸುವ ಧೂಳಿಚಿತ್ರಗಳನ್ನು ಅದು ಒಂದೇ ವರ್ಗೀಕರಣದೊಳಗೆ ತರುತ್ತದೆ. ಅಂಗಳದ ರಂಗೋಲಿಗೆ ಸಲ್ಲುವ ಧೂಳಿಚಿತ್ರವು ಅರಮನೆಯ ಭಿತ್ತಿಚಿತ್ರದ ಸಾಲಿನಲ್ಲಿಯೇ ನಿಲ್ಲುವುದು ಗಮನಾರ್ಹ. ಮೂಲಾಂಶಗಳು ಇಲ್ಲಿ ಸಾಮಗ್ರಿಯಿಂದ, ಕೈಯ ಚಲನೆಯಿಂದ ಬೇರ್ಪಟ್ಟ ಪರಿಭಾಷೆಗಳಲ್ಲ. ರೇಖೆಯನ್ನು ಕಲಿಯುವುದೆಂದರೆ ಅದನ್ನು ಎಳೆಯುವ ಬತ್ತಿಯನ್ನೂ ಅದು ಕೂರುವ ಮೇಲ್ಮೈಯನ್ನೂ ಕಲಿಯುವುದೇ ಆಗಿತ್ತು.

ಇಂದಿನ ಶಾಲೆಯ ಪಟ್ಟಿ ಈ ಪರಂಪರೆಯಿಂದ ನೇರವಾಗಿ ಬಂದುದಲ್ಲ. ಅದಕ್ಕೆ ಎರಡು ಬೇರೆ ಮೂಲಗಳಿವೆ. 19ನೆಯ ಶತಮಾನದಲ್ಲಿ ಮದರಾಸು ಮತ್ತು ಮುಂಬಯಿಗಳಲ್ಲಿ ತೊಡಗಿದ ಕಲಾಶಾಲೆಗಳ ವಾಸ್ತವವಾದಿ ಶಿಸ್ತು ಮೊದಲನೆಯದು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್.ಎಂ. ಪಂಡಿತರು ಮದರಾಸು, ಮುಂಬಯಿಗಳಲ್ಲಿ ಕಲಿತು ಪುರಾಣಚಿತ್ರ ಹಾಗೂ ಚಲನಚಿತ್ರ ಪ್ರಚಾರಕಲೆಯಲ್ಲಿ ದೇಶದಾದ್ಯಂತ ಹೆಸರಾದರು. ಅವರ ಮಾದರಿ, ಅನಂತರ ಜೆ.ಎಸ್. ಖಂಡೇರಾವ್ ಅವರ ಭಾವಚಿತ್ರ ಪರಂಪರೆ, ವಿ.ಜಿ. ಅಂದಾನಿಯವರು ಕಟ್ಟಿದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಈ ಭಾಗದಲ್ಲಿ ಕಲಾಶಿಕ್ಷಣಕ್ಕೆ ನೆಲೆ ಒದಗಿಸಿದವು. ಎರಡನೆಯದು 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಸ್ಥಾಪಿತವಾದ ಬೌಹೌಸ್ ಶಾಲೆಯ ಚಿಂತನೆ. ಪಾಲ್ ಕ್ಲೀ 1925ರಲ್ಲಿ, ಕಾಂಡಿನ್‌ಸ್ಕಿ 1926ರಲ್ಲಿ ಪ್ರಕಟಿಸಿದ ಬೋಧನಗ್ರಂಥಗಳು ಬಿಂದು, ರೇಖೆ, ತಲಗಳನ್ನೇ ಸ್ವತಂತ್ರ ಅಧ್ಯಯನದ ವಸ್ತುವಾಗಿಸಿದವು. ಆದರೆ ಬೌಹೌಸ್‌ನ ಪ್ರಾಥಮಿಕ ಪಾಠವು ಮರ, ಲೋಹ, ಬಟ್ಟೆ, ಕಾಗದಗಳನ್ನು ಮುಟ್ಟಿ, ಮಡಿಸಿ, ಕತ್ತರಿಸಿ ಕಲಿಯುವ ಕಮ್ಮಟದ ಪಾಠವಾಗಿತ್ತು. ನಮ್ಮ ಶಾಲೆಗಳಿಗೆ ಅದರ ಪಟ್ಟಿ ಬಂದಿತು, ಕಮ್ಮಟ ಬರಲಿಲ್ಲ. ವಾಸ್ತವವಾದಿ ಶಿಸ್ತಿನಿಂದ ಮಾದರಿಯ ನಕಲು ಬಂದಿತು. ಅದರ ಹಿಂದಿದ್ದ ದೀರ್ಘ ವೀಕ್ಷಣೆ ಬರಲಿಲ್ಲ.

ಇದರ ಫಲವನ್ನು ಸಾಮಾನ್ಯ ಶಾಲಾಚಿತ್ರದಲ್ಲಿ ಕಾಣಬಹುದು. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ತೆಂಗಿನ ಮರ, ಇಳಿಜಾರು ಹೆಂಚಿನ ಮನೆ: ಈ ನಿಸರ್ಗಚಿತ್ರ ನಾಡಿನಾದ್ಯಂತ ಒಂದೇ. ಸೇಡಂ ಬಯಲಿನಲ್ಲಿ ಅಂಥ ಬೆಟ್ಟವಿಲ್ಲ. ಹಳೆಯ ಮನೆಗಳಿಗೆ ಇಲ್ಲಿ ಹೆಂಚಿನ ಇಳಿಜಾರಿಲ್ಲ. ಫರಸಿ ಹೊದಿಸಿದ ಸಮತಟ್ಟಾದ ಮಾಳಿಗೆಯಿದೆ. ತಾನು ದಿನವೂ ಕಾಣುವ ಚೌಕವಾದ ಮನೆಯನ್ನು ಬಿಟ್ಟು ತಾನೆಂದೂ ಕಾಣದ ಮನೆಯನ್ನು ‘ಸರಿಯಾದ ಚಿತ್ರ’ವೆಂದು ಬಿಡಿಸುವ ಮಗು ಆಕಾರವನ್ನಷ್ಟೇ ತಪ್ಪಾಗಿ ಕಲಿಯುವುದಿಲ್ಲ, ತನ್ನ ಮನೆ ಚಿತ್ರಕ್ಕೆ ಯೋಗ್ಯವಲ್ಲವೆಂಬ ತೀರ್ಮಾನವನ್ನೂ ಕಲಿಯುತ್ತದೆ. ಮೂಲಾಂಶಗಳ ಬೋಧನೆಯಲ್ಲಿ ನಿಜವಾಗಿ ಪಣಕ್ಕಿರುವುದು ಇದೇ.

ರಾಜ್ಯದಲ್ಲಿ ನಡೆದುಬಂದಿರುವ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳನ್ನು ಈ ಕಾರಣಕ್ಕೆ ಹಳಿಯುವುದು ಸುಲಭ. ಅದು ನ್ಯಾಯವಲ್ಲ. ಕೈಗೆ ಹದವನ್ನೂ ಕಲಿಕೆಗೆ ಕ್ರಮವನ್ನೂ ಬಡ ವಿದ್ಯಾರ್ಥಿಗೆ ಮುಂದಿನ ಓದಿನ ಮೆಟ್ಟಿಲನ್ನೂ ಅವು ಒದಗಿಸಿವೆ. ದೋಷವಿರುವುದು ಪರೀಕ್ಷೆಗೆಂದು ಸಿದ್ಧ ಉತ್ತರದಂತೆ ಸಿದ್ಧ ಚಿತ್ರವನ್ನು ತಿದ್ದಿಸುವ ಅಭ್ಯಾಸದಲ್ಲಿ.

ಹಾಗಾದರೆ ಈ ನೆಲದಲ್ಲಿ ಮೂಲಾಂಶಗಳ ಪಾಠ ಎಲ್ಲಿಂದ ತೊಡಗಬೇಕು? ಉತ್ತರವು ಕಾಲಡಿಯಲ್ಲಿಯೇ ಇದೆ. ಶಹಾಬಾದ ಕಲ್ಲು ಪದರ ಪದರವಾಗಿ ಕುಳಿತ ಸುಣ್ಣಕಲ್ಲು. ಖಣಿಯ ಗೋಡೆಯಲ್ಲಿ ಈ ಪದರಗಳು ಒಂದರ ಮೇಲೊಂದು ಅಡ್ಡರೇಖೆಗಳಾಗಿ ಕಾಣುತ್ತವೆ. ಕೆಲಸಗಾರರು ಬಂಡೆಯ ಮೇಲೆ ಗೆರೆ ಹಾಕಿ, ಗೆರೆಯುದ್ದಕ್ಕೂ ಉಳಿಯಿಂದ ಹೊಡೆದು ಫರಸಿಯನ್ನು ಬಿಡಿಸುತ್ತಾರೆ. ಪ್ರಕೃತಿ ಎಳೆದ ರೇಖೆ ಒಂದು, ಮನುಷ್ಯ ಎಳೆದ ರೇಖೆ ಇನ್ನೊಂದು. ಒಂದು ಕಾಲವನ್ನು ತೋರಿಸುತ್ತದೆ, ಇನ್ನೊಂದು ಉದ್ದೇಶವನ್ನು. ಈ ಎರಡರ ಭೇದವನ್ನು ಕಂಡ ವಿದ್ಯಾರ್ಥಿಗೆ ‘ರೇಖೆಗೆ ದಿಕ್ಕು ಮತ್ತು ಬಲವಿದೆ’ ಎಂಬ ಮಾತು ಬಾಯಿಪಾಠವಾಗಬೇಕಿಲ್ಲ. ಫರಸಿಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಮೈವಳಿಕೆಯ ಪಾಠ ಮೂಡುತ್ತದೆ. ಅದೇ ಕಲ್ಲಿನ ಅರ್ಧಭಾಗಕ್ಕೆ ನೀರು ಹಾಕಿದರೆ ಬೂದುಬಣ್ಣ ಗಾಢವಾಗಿ ಛಾಯೆಯ ಪಾಠವಾಗುತ್ತದೆ. ತೊಗರಿಕಟ್ಟಿಗೆಯ ಇದ್ದಿಲೇ ಬರೆಯುವ ಸಾಧನವಾದರೆ ಸಾಮಗ್ರಿಯ ಕೊರತೆಯೂ ಅಷ್ಟರಮಟ್ಟಿಗೆ ನೀಗುತ್ತದೆ.

ಇದೇ ಸುಣ್ಣಕಲ್ಲು ಎರಡು ಸಾವಿರ ವರ್ಷಗಳ ಹಿಂದೆ ಏನಾಗಿತ್ತೆಂಬುದಕ್ಕೆ ಚಿತ್ತಾಪುರ ತಾಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸಾಕ್ಷಿ. ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಚಾವಣಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂದಿತು. 1990ರ ದಶಕದಲ್ಲಿ ಆರಂಭವಾದ ಕನಗನಹಳ್ಳಿಯ ಉತ್ಖನನವು ಬೌದ್ಧ ಸ್ತೂಪವೊಂದರ ಶಿಲ್ಪಫಲಕಗಳನ್ನು ಹೊರತಂದಿತು. ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹವುಳ್ಳ ಫಲಕದಲ್ಲಿ ರಾಜನೂ ರಾಣಿಯೂ ಚಾಮರ ಛತ್ರಗಳನ್ನು ಹಿಡಿದ ಪರಿಚಾರಿಕೆಯರೊಡನೆ ನಿಂತಿದ್ದಾರೆ. ತೆಳುವಾದ ಉಬ್ಬಿನಲ್ಲಿಯೇ ಮುಂದಿನವರು, ಹಿಂದಿನವರು ಎಂಬ ಅವಕಾಶದ ಅರಿವು ಮೂಡುತ್ತದೆ. ಬಾಹ್ಯರೇಖೆಯ ಬಾಗು ದೇಹದ ಭಾರವನ್ನು ಹೊರುತ್ತದೆ. ಆಕಾರವು ಘನರೂಪವಾಗುವ ಬಗೆಯನ್ನು ಕಲಿಸಲು ಇದಕ್ಕಿಂತ ಸಮೀಪದ ಪಠ್ಯ ದೊರೆಯದು. ಜಿಲ್ಲೆಯ ಮಕ್ಕಳು ಇದನ್ನು ಇತಿಹಾಸದ ಪ್ರಶ್ನೋತ್ತರವಾಗಿ ಓದುತ್ತಾರೆ. ಚಿತ್ರದ ಪಾಠವಾಗಿ ನೋಡುವ ಸಂದರ್ಭ ಅಪರೂಪ.

ವರ್ಣಬೋಧನೆಯಲ್ಲಿಯೂ ಇದೇ ಮಾತು ಸಲ್ಲುತ್ತದೆ. ವರ್ಣಚಕ್ರವನ್ನು ಬಿಡಿಸಿ ಪ್ರಾಥಮಿಕ, ದ್ವಿತೀಯಕ ಬಣ್ಣಗಳ ಹೆಸರು ಬರೆಯಿಸುವುದರಿಂದ ಬಣ್ಣದ ವರ್ತನೆ ತಿಳಿಯದು. ಬಣ್ಣವು ತನ್ನ ನೆರೆಯ ಬಣ್ಣದಿಂದ ಬದಲಾಗುತ್ತದೆಂಬುದನ್ನು ಬೌಹೌಸ್‌ನ ಶಿಕ್ಷಕರಲ್ಲೊಬ್ಬರಾಗಿದ್ದ ಜೋಸೆಫ್ ಆಲ್ಬರ್ಸ್ 1963ರ ತಮ್ಮ ಗ್ರಂಥದಲ್ಲಿ ವಿಸ್ತಾರವಾದ ಪ್ರಯೋಗಗಳಿಂದ ತೋರಿಸಿದರು. ಸೇಡಂನ ಎರೆಮಣ್ಣಿನ ಕಪ್ಪು, ಚಿಂಚೋಳಿ ದಿಬ್ಬಗಳ ಜಂಬಿಟ್ಟಿಗೆ ಮಣ್ಣಿನ ಕೆಂಪು, ವಾಡಿಯ ಸಿಮೆಂಟಿನ ಬೂದು: ಈ ಮೂರನ್ನು ಅಂಟಿನಲ್ಲಿ ಕಲಸಿ ಅಕ್ಕಪಕ್ಕ ಹಚ್ಚಿದರೆ ಆ ತತ್ವ ಕಣ್ಣಿಗೇ ಕಾಣುತ್ತದೆ, ಕೆಂಪಿನ ಪಕ್ಕದ ಬೂದು ತಂಪಾಗುತ್ತದೆ, ಕಪ್ಪಿನ ಪಕ್ಕದ ಬೂದು ಬೆಳಗುತ್ತದೆ. ಚಿಂಚೋಳಿಯ ತಾಂಡಾಗಳಲ್ಲಿ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿಚೂರು, ಕವಡೆ, ತ್ರಿಕೋನ, ಚೌಕಗಳನ್ನು ಕೂರಿಸುವ ಹೆಣ್ಣುಮಕ್ಕಳು ಆಕಾರದ ಪುನರಾವರ್ತನೆಯನ್ನೂ ವರ್ಣವಿರೋಧವನ್ನೂ ಹೊಲಿಗೆಯ ಎಣಿಕೆಯಲ್ಲಿ ಬಲ್ಲರು. ಅವಕಾಶ ಮತ್ತು ಯಥಾದರ್ಶನಕ್ಕೆ ವಾಡಿ ಜಂಕ್ಷನ್‌ನ ಹಳಿಗಳಿವೆ. 1874ರಲ್ಲಿ ಸಿಕಂದರಾಬಾದಿನ ಮಾರ್ಗ ಇಲ್ಲಿ ಕೂಡಿದಂದಿನಿಂದ ದೂರದಲ್ಲಿ ಒಂದಾಗುವಂತೆ ತೋರುವ ಸಮಾನಾಂತರ ರೇಖೆಗಳು ಈ ಊರಿನ ಮಕ್ಕಳಿಗೆ ಹೊಸತಲ್ಲ.

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳು ಸಾಧ್ಯ. ಖಣಿ ಕೆಲಸಗಾರರ ಮಗುವಿಗೆ ಶಾಲೆಯಲ್ಲಿಯೂ ಕಲ್ಲನ್ನೇ ತೋರಿಸುವುದು ಅದರ ಲೋಕವನ್ನು ಕಿರಿದುಗೊಳಿಸುವುದಲ್ಲವೇ ಎಂಬುದು ಮೊದಲನೆಯದು. ಧೂಳು ಮತ್ತು ದುಡಿಮೆಯ ಕಷ್ಟವನ್ನು ಸೌಂದರ್ಯವೆಂದು ಬಣ್ಣಿಸುವ ಅಪಾಯ ನಿಜಕ್ಕೂ ಇದೆ. ಆದ್ದರಿಂದ ಪರಿಸರವು ಪಾಠದ ಆರಂಭವಾಗಬೇಕೇ ಹೊರತು ಗಡಿಯಾಗಬಾರದು. ಫರಸಿಯ ರೇಖೆಯಿಂದ ಹೊರಟ ವಿದ್ಯಾರ್ಥಿ ಕನಗನಹಳ್ಳಿಗೆ, ಅಜಂತೆಗೆ, ಕ್ಲೀಯ ರೇಖಾಚಿತ್ರಕ್ಕೆ ತಲುಪಬೇಕು. ತನ್ನ ಊರನ್ನು ಚಿತ್ರಿಸಲೇಬೇಕೆಂಬ ಕಟ್ಟಳೆಯೂ ತೆಂಗಿನ ಮರವನ್ನೇ ಚಿತ್ರಿಸಬೇಕೆಂಬ ಕಟ್ಟಳೆಯಷ್ಟೇ ಸಂಕುಚಿತ.

ಎರಡನೆಯ ಆಕ್ಷೇಪ ಜಾನಪದದ ಬಳಕೆಗೆ ಸಂಬಂಧಿಸಿದೆ. ಲಂಬಾಣಿ ಕಸೂತಿಯ ವಿನ್ಯಾಸವನ್ನು ನಕಲು ಮಾಡಿಸಿ ಸ್ಥಳೀಯತೆ ಸಾಧಿಸಿತೆಂದು ಭಾವಿಸಿದರೆ ನಕಲಿನ ವಸ್ತು ಬದಲಾಯಿತೇ ಹೊರತು ನಕಲಿನ ವಿಧಾನ ಬದಲಾಗಲಿಲ್ಲ. ಕಸೂತಿ ಬಲ್ಲ ತಾಯಿಯೊಬ್ಬಳು ತರಗತಿಗೆ ಬಂದು, ಯಾವ ಬಣ್ಣದ ಪಕ್ಕ ಯಾವುದನ್ನು ಏಕೆ ಇಡುತ್ತಾಳೆಂದು ಹೇಳಿದಾಗ ಮಾತ್ರ ಅದು ಪಾಠವಾಗುತ್ತದೆ. ಆಗ ಅವಳು ಮಾದರಿಯ ವಸ್ತುವಲ್ಲ, ಗುರು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವನ್ನು ಶಾಲೆಯ ಕಡ್ಡಾಯ ಭಾಗವಾಗಿಸಬೇಕೆಂದು ಪ್ರತಿಪಾದಿಸಿತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಂದಿಗೆ ಬೆಸೆಯುವ ಮಾತಾಡಿತು. ನೀತಿಗಳು ಜಾಗ ಮಾಡಿಕೊಡಬಲ್ಲವು. ಆ ಜಾಗದಲ್ಲಿ ಏನು ನಡೆಯಬೇಕೆಂಬುದನ್ನು ಶಿಕ್ಷಕರೇ ನಿರ್ಧರಿಸಬೇಕು. ಮೌಲ್ಯಮಾಪನದಲ್ಲಿಯೂ ಒಂದು ಬದಲಾವಣೆ ಅಗತ್ಯ. ಚಿತ್ರವು ಮಾದರಿಗೆ ಎಷ್ಟು ಹೋಲುತ್ತದೆಂಬ ಪ್ರಶ್ನೆಯ ಜೊತೆಗೆ, ವಿದ್ಯಾರ್ಥಿ ಏನನ್ನು ನೋಡಿದ್ದಾನೆ, ಅದಕ್ಕೆ ಯಾವ ರೇಖೆಯನ್ನು ಆರಿಸಿಕೊಂಡಿದ್ದಾನೆ ಎಂಬ ಪ್ರಶ್ನೆಯೂ ಅಂಕಕ್ಕೆ ಅರ್ಹವಾಗಬೇಕು.

ಮೂಲಾಂಶಗಳ ಪಟ್ಟಿ ಅನಗತ್ಯವೆಂಬುದು ಈ ವಿವೇಚನೆಯ ನಿಲುವಲ್ಲ. ಕಂಡುದಕ್ಕೆ ಹೆಸರು ಬೇಕು. ಹೆಸರಿಲ್ಲದ ಅರಿವನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು ಕಷ್ಟ. ಆದರೆ ಹೆಸರು ಬರಬೇಕಾದದ್ದು ನೋಟದ ನಂತರ. ಕಾಗಿಣಾ ಸೀಮೆಯ ವಿದ್ಯಾರ್ಥಿ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಕಲ್ಲು, ಮಣ್ಣು, ಹೊಲಿಗೆ, ಹಳಿಗಳ ನೋಟವನ್ನು ಹೊತ್ತೇ ಬರುತ್ತಾನೆ. ಅದಕ್ಕೆ ಹೆಸರು ಕೊಡುವುದು ಶಿಕ್ಷಣ. ಅದನ್ನು ಬಾಗಿಲ ಹೊರಗೆ ಬಿಟ್ಟುಬರಲು ಹೇಳುವುದು ಶಿಕ್ಷಣವಲ್ಲ.